ಬೆನ್ನ ಮೇಲಿನ ಕೈ

ಯೂನಾ ಅಜ್ಜಿ ಕ್ಲೋವಿಸ್‌ನ ಟೋಪಿಯ ತೂತಿನೊಳಗೆ ಬೆರಳು ತೂರಿಸಿ ಕಣ್ಣು ಮುಚ್ಚಿದಳು. ವಠಾರದ ನಲ್ಲಿಯ ಬಳಿ ಹಲ್ಲುಜ್ಜುತ್ತಿದ್ದ ಕ್ಲೋವಿಸ್ ಬಾಯಿ ತುಂಬ ನೊರೆ ಇಟ್ಟುಕೊಂಡು, ಮುದುಕಿಗೆ ಎಟುಕಲಿ ಎಂದು ಮಂಡಿ ಬಗ್ಗಿಸಿ, ಅವಳ ಪ್ರಾರ್ಥನೆ ಮುಗಿಯುವ ತನಕ ಹಾಗೇ ನಿಂತಿರಬೇಕಾಯಿತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಇವತ್ತಿಗೆ ಆರು ದಿನ. ಆರು ದಿನದಿಂದ ಬೆಳಗಾದರೆ ಸಾಕು, ಯಾರಾದರೊಬ್ಬರು ತಗಡಿನ ಬಾಗಿಲು ತಳ್ಳಿಕೊಂಡು ಬರುತ್ತಾರೆ, ಕೆಂಪು ಹಳದಿ ಹಸಿರು ಪಟ್ಟಿಯ ಆ ಉಣ್ಣೆಟೋಪಿಯಲ್ಲಿ ಗುಂಡು ಹೊಕ್ಕ ಕಡೆ ಒಮ್ಮೆ, ಹೊರಟ ಕಡೆ ಒಮ್ಮೆ ಬೆರಳಿಡುತ್ತಾರೆ, ಒಳಗೆ ಸುತ್ತಿಟ್ಟ ಹದಿನೇಳು ವರ್ಷದ ಜಡೆ ತಾಕಿದ ಕೂಡಲೇ "ಜಾ! ನನ್ನ ದೇವರೇ!" ಎಂದು ಉಸಿರು ಬಿಡುತ್ತಾರೆ. ಹೋದ ಶುಕ್ರವಾರ ಇದೇ ಯೂನಾ ಅಜ್ಜಿ ಇದೇ ನಲ್ಲಿಯ ಹತ್ತಿರ "ಸರಿ ಆ ಕಡೆ, ನೀನು ಹಾಡಿದ್ದು ಸಾಕು, ನನ್ನ ಬಕೀಟು ತುಂಬ್ಬೇಕು" ಎಂದು ಮೊಣಕೈಯಲ್ಲಿ ತಿವಿದಿದ್ದಳು.

"ನೀನು ಹೆದರ್ಲೇ ಇಲ್ವಂತಲ್ಲ ಮಗಾ," ಎಂದಳು ಈಗ. "ಬೀದಿ ತುಂಬ ಜನ ಮಣ್ಣು ಮುಕ್ತಾ ಬಿದ್ದಿದ್ರಂತೆ, ನೀನೊಬ್ನೇ ಕಂಬ ನಿಂತಂಗೆ ನಿಂತಿದ್ದೆಯಂತೆ."

ಕ್ಲೋವಿಸ್ ನೊರೆ ಉಗುಳಿದ. "ಹಂಗೇನಿಲ್ಲ ಅಜ್ಜಿ."

"ನೋಡಿ, ನೋಡಿ, ಎಷ್ಟು ವಿನಯ!" ಎಂದು ಮುದುಕಿ ಪಕ್ಕದ ಮನೆಯ ಕಿಟಕಿಗೆ ಕೇಳಿಸುವ ಹಾಗೆ ಕೂಗಿದಳು. ಆಮೇಲೆ ತಾನೇ ಹೋಗಿ ಬಟ್ಟಲು ತುಂಬ ಜೋಳದ ಹಿಟ್ಟಿನ ಗಂಜಿ ತಂದು ಅವನ ಕೈಗಿಟ್ಟಳು.

ನಿಜಕ್ಕೂ ಹಾಗೇನಿಲ್ಲ. ಈ ಮಾತನ್ನು ಅವನು ಆರು ದಿನದಲ್ಲಿ ಎಷ್ಟು ಜನಕ್ಕೆ ಹೇಳಿದ್ದಾನೋ; ಹೇಳಿದಷ್ಟೂ ಅದು ಅವನ ದೊಡ್ಡತನವಾಗಿ ಹಬ್ಬುತ್ತಿದೆ. ಸುಳ್ಳು ಹೇಳಿದವನು ಅವನಲ್ಲ. ಸುಳ್ಳನ್ನು ಕಿಂಗ್‌ಸ್ಟನ್ನಿನ ಆ ಬೀದಿಯೇ ಹೊಲಿದು ಅವನ ಮೈಗೆ ತೊಡಿಸಿತು, ಅವನು ತೋಳು ಚಾಚಿದ, ಅಷ್ಟೆ. ಶನಿವಾರ ಬೆಳಿಗ್ಗೆ ರೆಕಾರ್ಡಿನ ಅಂಗಡಿಯವರು ಧ್ವನಿಪೆಟ್ಟಿಗೆಗಳನ್ನು ಬೀದಿಗೆ ಮುಖ ಮಾಡಿ ಇಡುತ್ತಾರೆ. ವಾರದಲ್ಲಿ ಹೊಸದಾಗಿ ಬಂದದ್ದೆಲ್ಲ ಅವತ್ತು ಬೀದಿಯ ಕಿವಿಗೆ ಬೀಳಬೇಕು. ಹೋಪ್ಟನ್ ಅಣ್ಣ ಮುಂದೆ, ಕ್ಲೋವಿಸ್ ಅವನ ಹಿಂದೆ, ಇಬ್ಬರೂ ಅಂಗಡಿಗೆ ಮುಖ ಮಾಡಿ ನಿಂತಿದ್ದರು. ಅಣ್ಣ ಅಂದರೆ ಒಡಹುಟ್ಟಿದವನಲ್ಲ. ಇವನನ್ನು ಕೈಹಿಡಿದು, ದೇವರನ್ನು ಜಾ ಎಂದು ಕರೆಯುವ ರಾಸ್ತಾ ಪಂಥದವರ ಕೂಟಕ್ಕೆ ಕರೆದುಕೊಂಡು ಹೋದವನು, ಜಡೆ ಬೆಳೆಸುವಂತೆ ಮಾಡಿದವನು, ಉಪ್ಪು ಮಾಂಸ ಬಿಡಿಸಿದವನು, ಇವನು ಗೆದ್ದ ಒಂದೇ ಒಂದು ಹಾಡಿಗೆ ಡೋಲು ಬಾರಿಸಿದವನು. ಅಂಗಡಿಯವನು ಇವರನ್ನು ಕಂಡು, "ಏನ್ ಗುರುವೇ, ಇನ್ನೂ ಇದೀಯಾ?" ಎಂದು ನಗಾಡಿ, ಎಲ್ಲಿಂದಲೋ ತಡಕಿ ಒಂಬತ್ತು ವರ್ಷದ ಹಿಂದಿನ ಆ ಹಾಡನ್ನೇ ಹಾಕಿದ. *ನನ್ನ ಬೆನ್ನ ಹಿಂದೆ ಅವನಿದ್ದಾನೆ, ಎದುರಿನಿಂದ ಬರುವುದೆಲ್ಲ ಬರಲಿ.* ಎಷ್ಟು ಎಳೆಯ ದನಿ. ತನ್ನದೇ ದನಿ ಕೇಳಿ ಕ್ಲೋವಿಸ್‌ಗೆ ಹೊಟ್ಟೆಕಿಚ್ಚಾಯಿತು. ಆಗ ಮೋಟಾರ್ ಸೈಕಲ್ಲಿನಲ್ಲಿ ಇಬ್ಬರು ಬಂದರು. ಅವರಿಗೆ ಬೇಕಾಗಿದ್ದವನು ಮೂಲೆಯಲ್ಲಿ ಕಬ್ಬು ಸಿಗಿಯುತ್ತ ನಿಂತಿದ್ದ ಯಾವುದೋ ಪಕ್ಷದ ರೌಡಿ. ಚುನಾವಣೆಯ ವರ್ಷ, ಅಂಥವರು ಮೂಲೆಗೊಬ್ಬರು. ಅವನು ಗೋಡೆ ಹಾರಿ ಪಾರಾದ. ಮೊದಲ ಸದ್ದು ಕೇಳಿದಾಗ ಹಾಡಿನಲ್ಲಿ ಡೋಲು ಒಂದು ಏಟು ತಪ್ಪಿತೇ ಎಂದು ಕ್ಲೋವಿಸ್‌ಗೆ ಅನ್ನಿಸಿತು, ಹೋಪ್ಟನ್ ಅಣ್ಣ ತಪ್ಪುವವನಲ್ಲವಲ್ಲ ಎಂದೂ ಅದೇ ಗಳಿಗೆಯಲ್ಲಿ ಅನ್ನಿಸಿತು. ಆಮೇಲೆ ತಲೆಗೆ ಏನೂ ಹೊಳೆಯಲಿಲ್ಲ. ಕೈಗಳಿಗೆ ಹೊಳೆಯಿತು. ಅವು ಹೋಗಿ ಅಣ್ಣನ ಎರಡೂ ಭುಜ ಹಿಡಿದವು, ಅವನನ್ನು ಬೀದಿಯ ಕಡೆಗೆ ತಿರುಗಿಸಿದವು, ಬಾಗಿಲು ಎಳೆದುಕೊಂಡ ಹಾಗೆ. ಆ ಬಾಗಿಲಿನ ಹಿಂದೆ ಅವನು ಮುದುಡಿದ. ಅಂಗಿಯ ಬಟ್ಟೆಯ ತೆಳುವು, ಅದರಡಿಯ ಮೂಳೆ, ಮೂಳೆ ಒಮ್ಮೆ ಅದುರಿದ್ದು, ಎಲ್ಲ ಅವನ ಅಂಗೈಗೆ ಗೊತ್ತು. ಧ್ವನಿಪೆಟ್ಟಿಗೆಯಲ್ಲಿ ಅವನು ಹಾಡುತ್ತಲೇ ಇದ್ದ.

ನೆಲಕ್ಕೆ ಬಿದ್ದವರು ಮುಖ ಎತ್ತುವ ಹೊತ್ತಿಗೆ ಕ್ಲೋವಿಸ್ ಎದ್ದು ನಿಂತಿದ್ದ. ಕುಸಿಯುತ್ತಿದ್ದ ಅಣ್ಣನನ್ನು ಹಿಂದಿನಿಂದ ತಬ್ಬಿ ಹಿಡಿದಿದ್ದ, ತಲೆಯ ಮೇಲೆ ತೂತು ಬಿದ್ದ ಟೋಪಿ. ಅದನ್ನು ಕಂಡವರು ಕಂಡ ಹಾಗೆ ಕತೆ ಕಟ್ಟಿದರು: ಇವರ ಕಡೆ ಬಂದದ್ದು ಎರಡು ಗುಂಡು, ಒಂದು ಹೋಪ್ಟನ್‌ನ ಭುಜಕ್ಕೆ ಬಿತ್ತು, ಇನ್ನೊಂದು ಕ್ಲೋವಿಸ್‌ನ ಹಣೆಗೆ ಬರುತ್ತಿದ್ದದ್ದನ್ನು ಜಾ ನಾಲ್ಕು ಬೆರಳು ಮೇಲಕ್ಕೆ ಎತ್ತಿದ. ಇವರ ಕಡೆ ಬಂದ ಗುಂಡು ಒಂದೇ ಎಂದು ಬಲ್ಲವನು ಕ್ಲೋವಿಸ್ ಒಬ್ಬನೇ. ಅಣ್ಣನ ಭುಜವನ್ನು ಈ ಕಡೆಯಿಂದ ಆ ಕಡೆಗೆ ತೂರಿದ ಅದೇ ಗುಂಡು ಹಿಂದೆ ಮುದುಡಿದವನ ಟೋಪಿಯನ್ನೂ ತೂರಿಕೊಂಡು ಹೋಗಿತ್ತು.

ಗಂಜಿ ಚೆನ್ನಾಗಿತ್ತು. ತೆಂಗಿನ ಹಾಲು ಹಾಕಿದ್ದಳು ಮುದುಕಿ. ಅದು ಚೆನ್ನಾಗಿದೆ ಎಂದು ತನಗೆ ಅನ್ನಿಸಿತಲ್ಲ ಎಂದೇ ಅವನಿಗೆ ನಾಚಿಕೆಯಾಯಿತು, ಆದರೂ ಬಟ್ಟಲು ನೆಕ್ಕಿದ.

ಹೋಪ್ಟನ್‌ನ ಮನೆಗೆ ಮೂರು ಬೀದಿ. ಆಸ್ಪತ್ರೆಯಲ್ಲಿ ಮಂಚ ಸಾಲದೆ ಅವನನ್ನು ನಿನ್ನೆಯೇ ಮನೆಗೆ ಕಳಿಸಿದ್ದರು. ನಿನ್ನೆಯೇ ಹೋಗಬೇಕಾಗಿತ್ತು, ಜ್ವರ ಎಂದು ಹೇಳಿ ಕಳಿಸಿದ್ದ. ಇವತ್ತು ತಪ್ಪಿಸಿಕೊಳ್ಳುವ ಹಾಗಿಲ್ಲ, ಹಾಡು ಮುದ್ರಿಸುವ ಎಗ್ಬರ್ಟ್ ಇಬ್ಬರನ್ನೂ ಬರಹೇಳಿದ್ದಾನೆ. ಈ ಊರಿನಲ್ಲಿ ಒಂದು ಶನಿವಾರ ನಡೆದದ್ದು ಮುಂದಿನ ಶನಿವಾರಕ್ಕೆ ರೆಕಾರ್ಡಾಗಿ ಅಂಗಡಿಗೆ ಬರಬೇಕು, ಬಿಸಿ ಆರಬಾರದು. ದಾರಿಯಲ್ಲಿ ಸಿಪಾಯಿಗಳು ಜೀಪು ಅಡ್ಡ ನಿಲ್ಲಿಸಿದ್ದರು. ಬೇರೆ ದಿನವಾದರೆ ಗೋಡೆಗೆ ಮುಖ ಮಾಡಿಸಿ, ಜಡೆ ಹಿಡಿದೆಳೆದು, ಜೇಬು ಕೊಡವಿಸುವ ಜನ. ಅವರಲ್ಲೊಬ್ಬ ಟೋಪಿ ನೋಡಿ, "ಏ, ಇವನೇ ಕಣ್ರೋ, ಗುಂಡು ನುಂಗಿದ ರಾಸ್ತಾ!" ಎಂದ. ಇನ್ನೊಬ್ಬ ಬಂದೂಕಿನ ಮೂತಿಯನ್ನು ಮೆಲ್ಲಗೆ ತೂತಿಗೆ ತಾಗಿಸಿ ಅಳತೆ ನೋಡಿದ. ಕ್ಲೋವಿಸ್‌ನ ಚಡ್ಡಿಗೆ ಒಂದೆರಡು ಹನಿ ಮೂತ್ರ ಜಾರಿತು. "ಹೋಗಪ್ಪ, ನಿನ್ನ ದೇವರಿಗೆ ನಮ್ಮದೂ ಒಂದು ಮಾತು ಹೇಳು," ಎಂದು ಸಿಪಾಯಿ ಬಿಟ್ಟುಬಿಟ್ಟ. ಚಡ್ಡಿಯ ತೇವ ಒಣಗುವವರೆಗೂ ಅವನು ಒಂದು ತಗಡಿನ ಬೇಲಿಗೆ ಒರಗಿ ಬಿಸಿಲಲ್ಲಿ ನಿಂತ. ಬೇಲಿಯಾಚೆ ಯಾರೋ ಹೆಂಗಸು ದಂಟಿನ ಸೊಪ್ಪು ಹೆಚ್ಚುತ್ತ ಅವನ ಹಾಡನ್ನೇ ಗುನುಗುತ್ತಿದ್ದಳು.

ಹೋಪ್ಟನ್ ಅಂಗಳದ ದೀವಿಹಲಸಿನ ಮರದಡಿ ಬೆಂಚಿನ ಮೇಲೆ ಕೂತಿದ್ದ. ಕ್ಲೋವಿಸ್ ಅವನನ್ನು ನೋಡಿ ಅಲ್ಲೇ ನಿಂತುಬಿಟ್ಟ. ಬಲಗೈ ಬಟ್ಟೆಯ ಜೋಳಿಗೆಯಲ್ಲಿತ್ತು, ಅದು ಗೊತ್ತಿದ್ದದ್ದೇ. ತಲೆ ಗೊತ್ತಿರಲಿಲ್ಲ. ಬಲಗಡೆ ಕಿವಿಯಿಂದ ನೆತ್ತಿಯವರೆಗೆ ಜಡೆಯೇ ಇಲ್ಲ, ಬುಡಕ್ಕೆ ಕತ್ತರಿಸಿದ್ದರು. ಎಡಗಡೆ ಸೊಂಟದವರೆಗೆ ಇಳಿದ ಇಪ್ಪತ್ತಾರು ವರ್ಷದ ಜಡೆ, ಬಲಗಡೆ ಬೋಳು, ಬೋಳಿನ ಮೇಲೆ ನರೆಯ ಚುಕ್ಕೆ. ಅರ್ಧ ಮುಖ ಅಣ್ಣನದು, ಇನ್ನರ್ಧ ಯಾರೋ ಗುಮಾಸ್ತನದು. ಕತ್ತರಿ ತಾಕಿಸುವುದಿಲ್ಲ ಎಂದು ದೇವರಿಗೆ ಮಾತು ಕೊಟ್ಟ ತಲೆ ಅದು. ಒಂದು ಸಲ ಪೊಲೀಸರು ಕತ್ತರಿಸಲು ಬಂದಾಗ ಹೋಪ್ಟನ್ ಎರಡು ಹಲ್ಲು ಕೊಟ್ಟು ಉಳಿಸಿಕೊಂಡಿದ್ದ.

"ರಕ್ತಕ್ಕೆ ಅಂಟ್ಕೊಂಡಿತ್ತಂತೆ," ಎಂದಳು ಐಸಿಲ್ಡಾ ಜಗಲಿಯಿಂದ. ಹೋಪ್ಟನ್‌ನ ಹೆಂಡತಿ, ಬೀದಿಗೆಲ್ಲ ಬಟ್ಟೆ ಹೊಲಿಯುವವಳು. ಗಂಡ ರಾಸ್ತಾ ಆದರೂ ತಾನು ಭಾನುವಾರ ಟೊಪ್ಪಿಗೆ ಹಾಕಿಕೊಂಡು ಚರ್ಚಿಗೆ ಹೋಗುವುದನ್ನು ಬಿಡದವಳು. ಹೊಲಿಗೆ ಮೆಷಿನ್ನಿನ ಪಕ್ಕದ ದಿಂಬಿನ ಚೀಲವೊಂದನ್ನು ಎತ್ತಿ ತೋರಿಸಿದಳು. "ನರ್ಸಮ್ಮ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದ್ಲು. ನಾನು ಕೈ ಹಾಕಿ ಎತ್ಕೊಂಡು ಬಂದೆ. ಒಣಗಿದ ರಕ್ತ ಇನ್ನೂ ಉದುರ್ತಾ ಇದೆ. ಬಾ, ಕೂತ್ಕೋ. ಜ್ವರ ಹೋಯ್ತಾ?"

"ಹೋಯ್ತು ಅತ್ತಿಗೆ."

"ಹೋಗ್ದೆ ಏನು. ನಿನ್ ಮುಟ್ಟೋ ಧೈರ್ಯ ಗುಂಡಿಗೇ ಇಲ್ಲ, ಜ್ವರಕ್ಕೆಲ್ಲಿಂದ ಬರ್ಬೇಕು?"

ಅದು ಕುಹಕವೋ ಪ್ರೀತಿಯೋ ಅವನಿಗೆ ತಿಳಿಯಲಿಲ್ಲ. ಐಸಿಲ್ಡಾಳ ಮಾತು ಯಾವಾಗಲೂ ಹಾಗೇ, ಗುಂಡುಸೂಜಿ ಬಾಯಲ್ಲಿಟ್ಟುಕೊಂಡೇ ಮಾತಾಡುವವಳು. ಹೋಪ್ಟನ್ ಎಡಗೈ ಚಾಚಿ ಕ್ಲೋವಿಸ್‌ನನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡ. ಜೋಳಿಗೆಯಿಂದ ಹೊರಗೆ ಚಾಚಿದ ಬಲಗೈ ಬೆರಳುಗಳು ಇವನ ತೊಡೆಗೆ ತಾಕಿದವು. ಸಣ್ಣ ಡೋಲಿನ ಮೇಲೆ ಆ ಬೆರಳುಗಳು ಓಡುತ್ತಿದ್ದರೆ ಕೂಟದ ಮುದುಕರು ಸಹ ಎದ್ದು ಕುಣಿಯುತ್ತಿದ್ದರು. ಈಗ ಅವಕ್ಕೆ ತೊಡೆ ತಾಕಿದ್ದೇ ಗೊತ್ತಿಲ್ಲ.

"ನರ ಹೋಗಿದೆ ಅಂತಾರೆ," ಎಂದ ಹೋಪ್ಟನ್. "ಅದು ಬಿಡು. ಇವಳಿಗೆ ಹೇಳಿದೀನಿ, ನಿಂಗೇ ಹೇಳಿಲ್ಲ. ಎಗ್ಬರ್ಟ್‌ಗೂ ನಿನ್ನೆ ಹೇಳ್ದೆ, ಅವನಿಗೆ ರೋಮ ಎದ್ದು ನಿಂತ್ವು. ಕೇಳು. ಗುಂಡಿಗಿಂತ ಮುಂಚೆ ಕೈ ಬಂತು ಕಣೋ."

"ಯಾವ ಕೈ ಅಣ್ಣ?"

"ಎರಡು ಕೈ. ಹಿಂದಿಂದ. ಇಲ್ಲೊಂದು, ಇಲ್ಲೊಂದು." ಎಡಗೈಯಿಂದ ಎರಡೂ ಭುಜ ಮುಟ್ಟಿ ತೋರಿಸಿದ. "ಬಿಸಿ ಕೈ. ನನ್ನನ್ನ ಹಿಡಿದು ತಿರುಗಿಸಿ ನಿಲ್ಲಿಸ್ತು, ಮಗೂನ ಸ್ನಾನಕ್ಕೆ ತಿರುಗಿಸಿ ನಿಲ್ಲಿಸ್ತಾರಲ್ಲ, ಹಂಗೆ. ಮೊದಲು ನಿಂತಿದ್ದ ಹಂಗೇ ನಿಂತಿದ್ದಿದ್ರೆ ಅದು ಬೆನ್ನಲ್ಲಿ ಹೊಕ್ಕು ಹೃದಯಾನೇ ತಗೊಂಡು ಹೋಗ್ತಿತ್ತು. ಇಪ್ಪತ್ತಾರು ವರ್ಷ ನಾನು ಡೋಲು ಬಾರಿಸ್ತಾ ಕರೆದೆ, ಒಂದ್ ದಿನ ಆದ್ರೂ ಅವನು ಬಂದು ನನ್ ಮುಟ್ಟಿರ್ಲಿಲ್ಲ. ಅವತ್ತು ಮುಟ್ಟಿದ. ಜಾ ಮುಟ್ಟಿದ ಕ್ಲೋವಿಸ್. ನನ್ ಕೈ ಹೋದ್ರೂ ಆ ಕೈ ಸಿಕ್ತಲ್ಲ."

"ಜಡೆ ಕತ್ತರಿಸೋವಾಗ ಆ ಕೈ ಎಲ್ಲಿ ಹೋಗಿತ್ತೋ," ಎಂದಳು ಐಸಿಲ್ಡಾ ಮೆಷಿನ್ನು ತುಳಿಯುತ್ತ.

"ನೀನು ಸುಮ್ನಿರೆ ಮಾರಾಯ್ತಿ." ಹೋಪ್ಟನ್ ನಗಲು ಹೋದ, ಆಗಲಿಲ್ಲ. ದನಿ ತಗ್ಗಿಸಿ ಇವನ ಕಿವಿಗೆ ಹೇಳಿದ: "ಆಸ್ಪತ್ರೇಲಿ ಮೊದಲನೇ ದಿನ ಕೈ ಎತ್ತಕ್ಕೆ ಹೋದೆ, ಏಳ್ಲಿಲ್ಲ. ತಲೆ ಮುಟ್ಕೊಂಡೆ, ಜಡೆ ಇಲ್ಲ. ಕಿಟಕಿಯಿಂದ ಹಾರ್ಕೊಳೋಣ ಅನ್ನಿಸ್ತು ಕಣೋ. ಆ ಎರಡು ಕೈ ನೆನಪು ಮಾಡ್ಕೊಂಡೇ ಬದುಕಿದೀನಿ. ಅದೊಂದಿಲ್ದಿದ್ರೆ ನಾನಿವತ್ತು ಇಲ್ಲಿ ಕೂತಿರ್ತಿರ್ಲಿಲ್ಲ. ಇವತ್ತು ನೀನು ಅದನ್ನ ಹಾಡ್ಬೇಕು."

ಕ್ಲೋವಿಸ್ ತನ್ನ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿ ಅವುಗಳ ಮೇಲೆ ಕೂತ. ಕಿವಿಯಲ್ಲಿ ಗುಂಯ್ ಎಂದಿತು. ಮರದ ನೆರಳು, ಮೆಷಿನ್ನಿನ ಸದ್ದು, ಅಣ್ಣನ ಬೋಳು ಅರ್ಧ ಎಲ್ಲವೂ ಒಂದು ಗಳಿಗೆ ದೂರ ಸರಿದು ಮತ್ತೆ ಹತ್ತಿರ ಬಂದವು. ಬೈದಿದ್ದರೆ ಸಹಿಸಬಹುದಿತ್ತು, ಕತ್ತು ಹಿಸುಕಿದ್ದರೆ ಸಹಿಸಬಹುದಿತ್ತು. ನನ್ನ ಕೈ ಅಣ್ಣ, ಬೆವರಿದ ನನ್ನ ಕೈ, ಎಂದು ಈಗ ಹೇಳಿದರೆ ಈ ಮನುಷ್ಯನಿಗೆ ಉಳಿದಿರುವುದೇನು? ಹೇಳದಿದ್ದರೆ, ನಾಳೆಯಿಂದ ಊರಿನ ಎಲ್ಲ ಧ್ವನಿಪೆಟ್ಟಿಗೆಗಳಲ್ಲೂ ತನ್ನ ಹೇಡಿ ಕೈಗಳನ್ನು ದೇವರ ಕೈ ಎಂದು ತಾನೇ ಹಾಡುತ್ತಿರಬೇಕು.

"ಆ ಟೋಪಿ ಕೊಡು ಇಲ್ಲಿ," ಎಂದಳು ಐಸಿಲ್ಡಾ. "ಊರ್ನೋರೆಲ್ಲ ಬೆರಳು ಹಾಕಿ ಹಾಕಿ ತೂತು ದೊಡ್ಡದು ಮಾಡ್ತಿದಾರೆ. ಎಳೆ ಬಿಚ್ಕೊಂಡ್ರೆ ಟೋಪಿ ಪೂರ್ತಿ ಹೋಗುತ್ತೆ. ಸುತ್ತ ಒಂದು ದಾರ ಓಡಿಸಿ ಕೊಡ್ತೀನಿ."

"ಬೇಡ ಅತ್ತಿಗೆ, ಇರ್ಲಿ."

"ಕೊಡು ಅಂದ್ರೆ."

ಕೊಟ್ಟ. ಜಡೆ ಬಿಚ್ಚಿ ಬೆನ್ನ ಮೇಲೆ ಬಿತ್ತು. ಐಸಿಲ್ಡಾ ಟೋಪಿಯನ್ನು ಮುಷ್ಟಿಗೆ ತೊಡಿಸಿ ಬೆಳಕಿಗೆ ಹಿಡಿದಳು, ಕನ್ನಡಕ ಮೂಗಿಗೆ ಇಳಿಸಿದಳು. ಆಮೇಲೆ ಅವಳ ಕಾಲು ಮೆಷಿನ್ನಿನ ಮೇಲೆ ನಿಂತುಬಿಟ್ಟಿತು. ಸೂಜಿಯ ಮೊನೆಯಿಂದ ಗುಂಡು ಹೊಕ್ಕ ತೂತಿನ ಒಳಗಿನಿಂದ ಏನನ್ನೋ ಕೆದಕಿ ಎಳೆದಳು. ನೀಲಿ ಎಳೆ. ಒಂದು ಬೆರಳಿನುದ್ದದ, ತುದಿ ಸುಟ್ಟು ಕಂದಾದ ನೀಲಿ ಎಳೆ. ಹೋಪ್ಟನ್ ಶನಿವಾರ ತೊಟ್ಟಿದ್ದ ನೀಲಿ ಅಂಗಿಯನ್ನು ಹೊಲಿದವಳು ಅವಳೇ; ಆಸ್ಪತ್ರೆಯವರು ಕತ್ತರಿಸಿ ಕೊಟ್ಟ ಅದೇ ಅಂಗಿ, ಮುಂದೊಂದು ಹಿಂದೊಂದು ತೂತಿನೊಂದಿಗೆ, ದಿಂಬಿನ ಚೀಲದ ಪಕ್ಕ ಮಡಿಸಿಟ್ಟಿತ್ತು. ಅವಳು ಅಂಗಿಯನ್ನು ನೋಡಿದಳು, ಟೋಪಿಯನ್ನು ನೋಡಿದಳು, ಬೆಂಚಿನ ಮೇಲೆ ಕೂತ ಗಂಡನ ಭುಜ ನೋಡಿದಳು. ಆಮೇಲೆ ಕಣ್ಣು ಮೆಲ್ಲಗೆ ಕ್ಲೋವಿಸ್‌ನ ಭುಜದಿಂದ ನೆತ್ತಿಗೆ ಹೋಯಿತು. ಮೂವತ್ತು ವರ್ಷ ಜನರ ಮೈಯನ್ನು ಕಣ್ಣಲ್ಲೇ ಅಳೆದವಳು. ಗಂಡನಿಗಿಂತ ಕ್ಲೋವಿಸ್ ಅರ್ಧ ತಲೆ ಎತ್ತರ. ಆ ಭುಜಕ್ಕೂ ಈ ಟೋಪಿಗೂ ಒಂದು ಮೊಳದ ಅಂತರ.

ತೂತಿನ ಸುತ್ತ ದಾರ ಓಡಿಸಿ, ಹಲ್ಲಲ್ಲಿ ಕಡಿದು, ಟೋಪಿ ವಾಪಸು ಕೊಟ್ಟಳು. ನೀಲಿ ಎಳೆಯನ್ನು ತನ್ನ ತೋರುಬೆರಳಿಗೆ ಸುತ್ತಿಕೊಂಡಳು.

"ನಾನೂ ಬರ್ತೀನಿ ಹಾಡೋದು ಕೇಳಕ್ಕೆ," ಎಂದಳು.

"ನೀನಾ? ಇಪ್ಪತ್ತು ವರ್ಷದಿಂದ ಕರೆದ್ರೂ ಬರದೋಳು?" ಎಂದ ಹೋಪ್ಟನ್, ಸಂತೋಷದಿಂದ.

ಎಗ್ಬರ್ಟ್ ಕಳಿಸಿದ ವ್ಯಾನಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತರು, ಐಸಿಲ್ಡಾ ನಡುವೆ. ಅವಳಿಗೆ ಗೊತ್ತಾಯಿತೆ? ಗೊತ್ತಾಗಿದ್ದರೆ ಕಿರುಚಬೇಕಿತ್ತಲ್ಲ. ಕೇಳಬೇಕಿತ್ತಲ್ಲ. ಅವಳು ಕಿಟಕಿಯಾಚೆ ನೋಡುತ್ತ ಹೆಬ್ಬೆರಳಿನಿಂದ ಆ ಎಳೆಯನ್ನು ಸವರುತ್ತಿದ್ದಳು. ಕ್ಲೋವಿಸ್ ಕೂಟದ ಮಾತು ನೆನೆಸಿಕೊಂಡ. ನಾನು ಬೇರೆ, ನೀನು ಬೇರೆ, ಅವನು ಬೇರೆ ಅಂತಿಲ್ಲ, ಎಲ್ಲ ನಾನು ಮತ್ತು ನಾನೇ ಎಂದು ಹೋಪ್ಟನ್ ಅಣ್ಣನೇ ಬೆಂಕಿಯ ಪಕ್ಕ ಕೂರಿಸಿಕೊಂಡು ಹೇಳಿಕೊಟ್ಟದ್ದು. ಅದನ್ನು ಕೇಳಿದ ದಿನ ಇಪ್ಪತ್ನಾಲ್ಕರ ಕ್ಲೋವಿಸ್ ಅತ್ತುಬಿಟ್ಟಿದ್ದ, ಹುಟ್ಟಿದಾಗಿನಿಂದ ಹೊತ್ತ ಒಂಟಿತನವನ್ನು ಯಾರೋ ಇಳಿಸಿದ ಹಾಗೆ. ಹಾಗಿದ್ದ ಮೇಲೆ ಆ ಕೈ ದೇವರದೇ ಅಲ್ಲವೇ? ನನ್ನ ಹೆದರಿಕೆಯ ಮೂಲಕ ಅವನೇ ಅಣ್ಣನನ್ನು ತಿರುಗಿಸಿ ಹೃದಯ ಉಳಿಸಿರಬಹುದಲ್ಲವೇ? ಮಾತು ಚೆಂದವಾಗಿತ್ತು. ಒಂದು ಬೀದಿ ದಾಟುವವರೆಗೆ ಅವನಿಗೆ ಉಸಿರಾಡಲೂ ಸುಲಭವಾಯಿತು. ಆಮೇಲೆ ವ್ಯಾನು ಹೊಂಡಕ್ಕೆ ಇಳಿಯಿತು, ಹೋಪ್ಟನ್ ನೋವಿಗೆ "ಅಯ್ಯಮ್ಮಾ" ಎಂದ. ಆ ಕೂಗಿನ ಮುಂದೆ ಅವನ ಚೆಂದದ ಮಾತು ಹೊಲಸು ನಾರಿತು. ದೇವರನ್ನು ತನ್ನ ಮುಂದೆ ಎಳೆದು ನಿಲ್ಲಿಸಿಕೊಂಡು ಅವನ ಹಿಂದೆ ಮುದುಡುವುದು ಇನ್ನೊಂದು ಹೇಡಿತನ. ಛೀ, ಎಂದುಕೊಂಡ.

ಎಗ್ಬರ್ಟ್ ಬಾಗಿಲಲ್ಲೇ ಕಾಯುತ್ತಿದ್ದ. ಒಂಬತ್ತು ವರ್ಷದಲ್ಲಿ ಕ್ಲೋವಿಸ್ ಹೊಸ ಹಾಡು ಹಿಡಿದುಕೊಂಡು ಎಷ್ಟು ಸಲ ಬಂದಿದ್ದನೋ, ಅಷ್ಟೂ ಸಲ ಎಗ್ಬರ್ಟ್ ಊಟಕ್ಕೆ ಹೋಗಿರುತ್ತಿದ್ದ. ಈಗ ಎರಡೂ ಕೈ ಹಿಡಿದು ಒಳಗೆ ಕರೆದುಕೊಂಡ.

"ಟೋಪಿ ವಿಷಯ ಊರಿಗೆಲ್ಲ ಗೊತ್ತು ಮಾರಾಯ. ಕೈ ವಿಷಯ ಹೊಸದು, ಅದು ಬರ್ಲೇಬೇಕು. ತಾಳದ ಟೇಪು ಹಳೇದೇ ಹಾಕ್ತೀನಿ, ಅದಕ್ಕಿಂತ ಚೆನ್ನಾಗಿರೋದು ಇವತ್ತು ಯಾರ ಕೈಲೂ ಆಗಲ್ಲ. ಮೇಲೆ ನೀನು ಹೊಸ ಚರಣ ಹಾಡು." ಹೋಪ್ಟನ್‌ನ ಜೋಳಿಗೆ ಕಂಡು ನಾಲಿಗೆ ಕಚ್ಚಿಕೊಂಡ.

"ಯಾಕೆ ಮುಖ ಚಿಕ್ಕದು ಮಾಡ್ತೀಯ?" ಎಂದ ಹೋಪ್ಟನ್. "ನನ್ ಕೈ ಅದ್ರಲ್ಲಿ ಸುರಕ್ಷಿತವಾಗಿದೆ ಅಂತ ನಂಗೂ ಗೊತ್ತು. ಹಾಕು, ಕೇಳೋಣ."

ಹಾಡುವ ಕೋಣೆ ಕೋಳಿಮೊಟ್ಟೆಯ ತಟ್ಟೆಗಳನ್ನು ಗೋಡೆಗೆ ಬಡಿದ ಒಂದು ಗೂಡು. ಎಗ್ಬರ್ಟ್ ಗಾಜಿನಾಚೆ ಕೂತ. ಹೋಪ್ಟನ್ ಕ್ಲೋವಿಸ್‌ನ ಎದುರಿಗೆ ಸ್ಟೂಲಿನ ಮೇಲೆ, ಐಸಿಲ್ಡಾ ಕ್ಲೋವಿಸ್‌ನ ಹಿಂದೆ ಗೋಡೆಗೆ ಒತ್ತಿಕೊಂಡು ನಿಂತಳು. ಬೇರೆ ಜಾಗವೇ ಇರಲಿಲ್ಲ. ಹೆಡ್‌ಫೋನು ಕಿವಿಗೇರಿಸಿದ ಕೂಡಲೇ ಒಂಬತ್ತು ವರ್ಷದ ಹಿಂದಿನ ಆ ಮಧ್ಯಾಹ್ನ ತಲೆಯೊಳಗೆ ಬಂದು ತುಂಬಿತು. ದಪ್ಪ ಡೋಲು ಎದೆಬಡಿತದ ಹಾಗೆ, ಅದರ ಮೇಲೆ ಸಣ್ಣ ಡೋಲಿನಲ್ಲಿ ಹೋಪ್ಟನ್‌ನ ಬಲಗೈ, ಜೀವಂತ, ಚುರುಕು, ಕೀಟಲೆಯದು. ಎಗ್ಬರ್ಟ್ ಅದನ್ನು ಕೋಣೆಗೂ ಸಣ್ಣಗೆ ಬಿಟ್ಟಿದ್ದ. ಹೋಪ್ಟನ್ ತಲೆ ಒಂದು ಕಡೆ ವಾಲಿಸಿ ಕೇಳಿದ. ಅವನ ಎಡಗೈ ತೊಡೆಯ ಮೇಲೆ ತಾಳ ಹಾಕಿತು, ಬಲಗೈ ಜೋಳಿಗೆಯಲ್ಲಿ ಬಿದ್ದಿತ್ತು. ಬೋಳು ಅರ್ಧದ ಕಡೆಯ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಆದರೆ ಮುಖ ಬೆಳಗುತ್ತಿತ್ತು. ಅಷ್ಟು ಬೆಳಗುವ ಮುಖವನ್ನು ಕ್ಲೋವಿಸ್ ಯಾವ ಕೂಟದಲ್ಲೂ ಕಂಡಿರಲಿಲ್ಲ. ಹಾಡಿಬಿಡು, ಎಂದುಕೊಂಡ. ಈ ಮುಖಕ್ಕಾಗಿ ಹಾಡಿಬಿಡು. ನರಕ ನಿನ್ನೊಬ್ಬನಿಗೆ ಇರಲಿ.

ಹಾಡಿದ. ಮೊದಲ ಚರಣಕ್ಕೆ ದನಿ ತೆರೆಯಿತು. ಆ ಎಳೆಯ ದನಿಯಲ್ಲ. ಮುರಿದದ್ದು, ಗೀರು ಬಿದ್ದದ್ದು, ಅದಕ್ಕಿಂತ ನೂರು ಪಾಲು ಒಳ್ಳೆಯದು. ಗಾಜಿನಾಚೆ ಎಗ್ಬರ್ಟ್ ಎದ್ದೇ ನಿಂತ. ಇಷ್ಟು ಚೆನ್ನಾಗಿ ತಾನು ಎಂದೂ ಹಾಡಿಲ್ಲ ಎಂದು ಕ್ಲೋವಿಸ್‌ಗೆ ಹಾಡುತ್ತಲೇ ಗೊತ್ತಾಯಿತು, ಗೊತ್ತಾಗಿ ಮೈ ತಣ್ಣಗಾಯಿತು. ಸುಳ್ಳಿಗೆ ಇಷ್ಟು ದನಿಯೇ! ಹೊಸ ಚರಣ ಬಂತು:

*ಎರಡು ಕೈ ಬಂದವು ಹಿಂದಿನಿಂದ,*
*ನನ್ನಣ್ಣನ ಭುಜದ ಮೇಲೆ ಕೂತವು,*
*ಯಾರ ಕೈ, ಯಾರ ಕೈ, ಬಲ್ಲವರು ಹೇಳಿ*

ಕ್ಲೋವಿಸ್‌ನ ಎರಡು ಭುಜದ ಮೇಲೆ ಎರಡು ಕೈ ಬಿದ್ದವು. ಹಿಂದಿನಿಂದ. ಗಟ್ಟಿ ಬೆರಳುಗಳು, ಬಿಗಿಯಾಗಿ ಹಿಡಿದು, ಪಕ್ಕಕ್ಕೆ ತಿರುಗಿಸಿದವು.

ಅವನು ಯೋಚಿಸಲಿಲ್ಲ. ಯೋಚಿಸಲು ಸಮಯ ಸಿಕ್ಕಿದ್ದರೆ ನಗಬಹುದಿತ್ತು, ಹಾಡಬಹುದಿತ್ತು. ಮಂಡಿ ತಾನಾಗಿ ಮಡಿಚಿಕೊಂಡಿತು, ಕತ್ತು ಭುಜದೊಳಗೆ ಇಳಿಯಿತು, ಕೈಗಳು ಮುಂದೆ ಹೋಗಿ ಸಿಕ್ಕಿದ್ದನ್ನು ಹಿಡಿದು ತಿರುಗಿಸಿ ಎದುರಿಗೆ ಎಳೆದುಕೊಂಡವು. ಸಿಕ್ಕಿದ್ದು ಹೋಪ್ಟನ್. ಸ್ಟೂಲು ಉರುಳಿತು, ಹೋಪ್ಟನ್ ತತ್ತರಿಸಿ ನಿಂತ. ಅಣ್ಣನ ಎರಡು ಭುಜ ಹಿಡಿದು, ಅವನ ಹಿಂದೆ, ಕ್ಲೋವಿಸ್ ಮಂಡಿ ಬಗ್ಗಿಸಿ ಮುದುಡಿದ್ದ. ಗಾಯದ ಮೇಲೆ ಕೈ ಬಿದ್ದರೂ ಹೋಪ್ಟನ್ ಕೂಗಲಿಲ್ಲ.

ಐಸಿಲ್ಡಾ ಮುಂದಕ್ಕೆ ವಾಲಿದಳು. ನೀಲಿ ಎಳೆ ಸುತ್ತಿದ ಬೆರಳನ್ನು ಗಂಡನ ಭುಜದ ಹಿಂಭಾಗದ ಪಟ್ಟಿಯ ಮೇಲಿಟ್ಟಳು, ಅಲ್ಲಿಂದ ನೇರವಾಗಿ ಹಿಂದಕ್ಕೆ ಸರಿಸಿದಳು. ಬೆರಳು ಟೋಪಿಯ ತೂತಿಗೆ ಹೋಗಿ ಸೇರಿತು.

"ಇದೇ ಎತ್ತರ," ಎಂದಳು. ಬಟ್ಟೆಯ ಅಳತೆ ಹೇಳುವ ದನಿಯೇ ಬಂತು; ಬಂದ ಮೇಲೆ ತಾನು ಏನು ಮಾಡಿಬಿಟ್ಟೆ ಎಂದು ತಿಳಿದು ಅವಳ ಮುಖ ಬಿಳಿಚಿತು. "ಅಯ್ಯೋ. ಹೋಪ್ಟನ್, ನಾನು... ಸರಿಯೋ ಅಲ್ವೋ ನೋಡೋಣ ಅಂತ ಅಷ್ಟೆ..."

"ಏನಾಯ್ತ್ರೋ?" ಎಂದು ಎಗ್ಬರ್ಟ್ ಗಾಜು ಬಡಿದ. ಯಾರೂ ತಿರುಗಿ ನೋಡಲಿಲ್ಲ. ಟೇಪು ಓಡುತ್ತಲೇ ಇತ್ತು. ಕ್ಲೋವಿಸ್‌ನ ಕಿವಿಯಿಂದ ಜಾರಿ ನೆಲಕ್ಕೆ ಬಿದ್ದ ಹೆಡ್‌ಫೋನಿನಲ್ಲಿ ಹೋಪ್ಟನ್‌ನ ಬಲಗೈ ಬಾರಿಸುತ್ತಲೇ ಇತ್ತು.

ಹೋಪ್ಟನ್ ತಿರುಗಲಿಲ್ಲ. ಎಡಗೈಯನ್ನು ನಿಧಾನವಾಗಿ ಮೇಲೆತ್ತಿ ತನ್ನ ಭುಜದ ಮೇಲಿದ್ದ ಕೈಯನ್ನು ಮುಟ್ಟಿದ. ಒಂದೊಂದೇ ಬೆರಳನ್ನು ಮುಟ್ಟಿ ನೋಡಿದ, ಕುರುಡರು ಗುರುತು ಹಿಡಿಯುವ ಹಾಗೆ. ಬಿಸಿ ಇತ್ತು ಅದು. ಅವನ ಮುಖ ಕ್ಲೋವಿಸ್‌ಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಬೋಳು ಮಾಡಿದ ತಲೆಯ ಅರ್ಧ, ಅಲ್ಲಿ ಒಂದು ನರ ಹೊಡೆದುಕೊಳ್ಳುತ್ತಿತ್ತು.

"ಹಂಗಾದ್ರೆ," ಎಂದ ಹೋಪ್ಟನ್. "ಹಂಗಾದ್ರೆ ಅವತ್ತು ನನ್ ಹಿಂದೆ ಯಾರೂ ಇರ್ಲಿಲ್ವಾ?"

ಕ್ಲೋವಿಸ್ ಕೈ ತೆಗೆಯಲು ನೋಡಿದ. ಹೋಪ್ಟನ್ ಬಿಡಲಿಲ್ಲ, ಹಿಡಿದೇ ಇದ್ದ.

"ನಾನಿದ್ದೆ ಅಣ್ಣ," ಎಂದ ಕ್ಲೋವಿಸ್.